ಹತ್ತೊಂಬತ್ತು ದಿನ ಬೂಟಿನೊಳಗಿದ್ದ ಗಾಯ: ಪುಣೆಯ ನಿವೃತ್ತ ಹವಾಲ್ದಾರರೊಬ್ಬರ ಪ್ರಕರಣ

ರೋಗಿ 63 ವರ್ಷದ ನಿವೃತ್ತ ಹವಾಲ್ದಾರ. ಊರು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. 24 ವರ್ಷ ಸೇನೆಯಲ್ಲಿ ದುಡಿದು 2004ರಲ್ಲಿ ಪಿಂಚಣಿಗೆ ಬಂದವರು. ಮಗನಿಗೆ ಪುಣೆ ಪಕ್ಕದ ಭೋಸರಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಸಂಸಾರ ದಿಘಿಗೆ ಬಂತು. ಇವರು ಚಾಕಣ ರಸ್ತೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ, 12 ತಾಸಿನ ಪಾಳಿ. ಸಕ್ಕರೆ ಕಾಯಿಲೆ ಗೊತ್ತಾಗಿ 14 ವರ್ಷ. ದಿನಕ್ಕೆ ಎರಡು ಹೊತ್ತು ಮೆಟ್‌ಫಾರ್ಮಿನ್, ಬೆಳಿಗ್ಗೆ ಗ್ಲಿಮೆಪಿರೈಡ್. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹಿಂದಿನ ಸಲ ನೋಡಿದಾಗ 10.2. ಅದನ್ನು ನೋಡಿ ಆಗಲೇ ಒಂದೂವರೆ ವರ್ಷವಾಗಿತ್ತು.

ಇದು ಒಬ್ಬರೇ ವ್ಯಕ್ತಿಯ ಕಡತವಲ್ಲ. ಪುಣೆ, ಖಡಕಿ, ದೇಹೂರೋಡ್ ಭಾಗದ ಮಾಜಿ ಸೈನಿಕರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದು ಪ್ರಕರಣವಾಗಿ ಹೆಣೆದದ್ದು. ವ್ಯಕ್ತಿಗಳು, ಪಲ್ಟನ್ನು, ಚಿಕಿತ್ಸೆ ನಡೆದ ಆಸ್ಪತ್ರೆಗಳು ಯಾವುದಕ್ಕೂ ಹೆಸರಿಟ್ಟಿಲ್ಲ. ಕಾಯಿಲೆಯ ನಡೆ, ನಿಯಮ, ಚಿಕಿತ್ಸೆಯ ಕ್ರಮ ಇವು ಮಾತ್ರ ಇರುವುದು ಇರುವಂತೆಯೇ ಇವೆ.

ಗಾಯ ಹುಟ್ಟಿದ ಬಗೆ

ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾಲಖಿ, ಅಂದರೆ ಪಲ್ಲಕ್ಕಿ ಮೆರವಣಿಗೆ, ಪುಣೆಗೆ ಬರುವ ದಿನ. ರಸ್ತೆ ಬಂದ್. ಮುಂದಿನ ಪಾಳಿಯವರು ಗೇಟು ತಲುಪಲಾಗಲಿಲ್ಲ, ಹವಾಲ್ದಾರರು ಎರಡು ಪಾಳಿ ಸೇರಿಸಿ ನಿಂತರು. ಮೇಲೆ ಮಳೆ, ಕಾಲುಚೀಲ ಪೂರ್ತಿ ಒದ್ದೆ, ಗಟ್ಟಿ ಚರ್ಮದ ಹಳೇ ಬೂಟು. ಬಲಗಾಲಿನ ಬೂಟಿನ ಒಳಸೋಲಿನಲ್ಲಿ ಒಂದು ಹೊಲಿಗೆ ಬಿಚ್ಚಿ ಎದ್ದಿತ್ತು. ಅದು ಒತ್ತುತ್ತಿದ್ದ ಜಾಗ ಹೆಬ್ಬೆರಳಿನ ಬುಡ. ಅಲ್ಲಿ ಮೊದಲೇ ಆಣಿ ಕಟ್ಟಿತ್ತು.

ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಸತ್ತಾಗ ನೋವು ತಿಳಿಯದಾಗುತ್ತದೆ. ನೋವು ಹೋದ ಕಾಲು ಕುಂಟುವುದಿಲ್ಲ, ಭಾರ ತಪ್ಪಿಸುವುದಿಲ್ಲ, ಅದೇ ಜಾಗದ ಮೇಲೆ ಸಾವಿರ ಸಲ ಊರುತ್ತದೆ. ಆಣಿಯ ಗಟ್ಟಿ ಚರ್ಮವೇ ಕಲ್ಲಿನಂತೆ ಒಳಗಿನ ಮೆತ್ತನೆ ಮಾಂಸವನ್ನು ಅರೆಯುತ್ತದೆ. ಹೊರಗೆ ಕಾಣುವುದು ಬಟಾಣಿ ಕಾಳಿನಷ್ಟು ತೂತು, ಒಳಗೆ ನಿಂಬೆಹಣ್ಣಿನಷ್ಟು ಪೊಳ್ಳು. ಇದನ್ನು ಪತ್ತೆ ಹಚ್ಚುವ ಉಪಕರಣ ತೀರ ಸಾದಾ: 10 ಗ್ರಾಂ ಮೊನೊಫಿಲಮೆಂಟ್ ಎನ್ನುವ ನೈಲಾನ್ ಎಳೆ. ರೋಗಿ ಕಣ್ಣು ಮುಚ್ಚಿರಬೇಕು, ಎಳೆ ಬಾಗುವಷ್ಟು ಒತ್ತಿ ಪಾದದ ಬೇರೆ ಬೇರೆ ಕಡೆ ಮುಟ್ಟಿಸಿ "ತಿಳಿಯಿತೆ?" ಎಂದು ಕೇಳಬೇಕು. ಎರಡು ನಿಮಿಷದ ಕೆಲಸ. ಪ್ರತಿ ತಿಂಗಳು ಗುಳಿಗೆ ತರಲು ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ಹೋಗುತ್ತಿದ್ದ ಈ ಮನುಷ್ಯನ ಬೂಟು ಅಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಸಾಲು ಉದ್ದವಿರುತ್ತದೆ, ಮಾತು ಗುಳಿಗೆಯ ಚೀಟಿಗೇ ಮುಗಿಯುತ್ತದೆ. ಬೂಟು ಬಿಚ್ಚಿ ಎಂದು ಡಾಕ್ಟರು ಹೇಳದಿದ್ದರೆ, ನನ್ನ ಪಾದ ನೋಡಿ ಎಂದು ರೋಗಿಯೇ ಹೇಳಬೇಕು. ವರ್ಷಕ್ಕೊಮ್ಮೆಯಾದರೂ.

ಮೂರನೇ ದಿನ ಕಾಲುಚೀಲದಲ್ಲಿ ಕಂದು ಕಲೆ ಕಂಡಿತು. ಹವಾಲ್ದಾರರು ತಾವೇ ಉಪಚಾರ ಶುರುಮಾಡಿದರು. ಸಂಜೆ ಬಿಸಿ ಉಪ್ಪುನೀರಲ್ಲಿ ಕಾಲು ಅದ್ದುವುದು, ಬೆಟಾಡಿನ್ ಮುಲಾಮು, ಮೇಲೆ ಹತ್ತಿ, ಅದರ ಮೇಲೆ ಪ್ಲಾಸ್ಟರ್. ಇವುಗಳಲ್ಲಿ ಮೂರು ತಪ್ಪಾದವು. ಸ್ಪರ್ಶವಿಲ್ಲದ ಕಾಲಿಗೆ ನೀರು ಎಷ್ಟು ಬಿಸಿ ಎಂದು ತಿಳಿಯದು, ಚರ್ಮ ಬೆಂದು ಗಾಯ ಹಿಗ್ಗಿತು. ಹತ್ತಿಯ ಎಳೆ ಗಾಯಕ್ಕೆ ಅಂಟಿ ಒಳಗೇ ಉಳಿಯಿತು. ಪ್ಲಾಸ್ಟರ್ ಕೀವನ್ನು ಒಳಗೆ ಬಂದಿ ಮಾಡಿತು. ಇಷ್ಟರ ಮೇಲೆ, ಮಾಡಲೇಬೇಕಿದ್ದ ಒಂದೇ ಕೆಲಸ ಆಗಲಿಲ್ಲ: ಆ ಕಾಲಿನ ಮೇಲೆ ಭಾರ ಹಾಕದಿರುವುದು. ಅಂಗಾಲಿನ ಸಕ್ಕರೆ ಗಾಯಕ್ಕೆ ಮುಲಾಮಿಗಿಂತ ದೊಡ್ಡ ಮದ್ದು ಅದೇ.

ಹೆಂಡತಿಗೆ ಅನುಮಾನ ಬಂದದ್ದು ಕಾಲಿನಿಂದಲ್ಲ, ಬಕೆಟ್ಟಿನಿಂದ. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ತನ್ನ ಕಾಲುಚೀಲ ಮುಟ್ಟದ ಗಂಡ ರಾತ್ರಿ ಬಚ್ಚಲಲ್ಲಿ ಕೂತು ತಾನೇ ಒಗೆಯುತ್ತಿದ್ದ.

ಗುಟ್ಟು ಕಾಯ್ದವರು ಯಾರು

ಈ ಪ್ರಕರಣದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಗಾಯದ ಸಂಗತಿ ಇಬ್ಬರಿಗೆ ಗೊತ್ತಿತ್ತು. ಇಬ್ಬರೂ ಅದೇ ಗೇಟಿನಲ್ಲಿ ದುಡಿಯುವ ಮಾಜಿ ಸೈನಿಕರು. ಒಬ್ಬರು ನಿವೃತ್ತ ನಾಯಕ್, ಬೆಳಗಾವಿ ಕಡೆಯವರು. ರಾತ್ರಿ ಗಸ್ತಿನಲ್ಲಿ ಹವಾಲ್ದಾರರ ಪಾಲಿನ ಸುತ್ತನ್ನು ಅವರೇ ಹೊಡೆದು, ರಿಜಿಸ್ಟರಿನಲ್ಲಿ ಹವಾಲ್ದಾರರ ಹೆಸರು ಬರೆಯುತ್ತಿದ್ದರು. "ಉಸ್ತಾದ್ರ, ನೀವ್ ಕುರ್ಚಿ ಮ್ಯಾಲ ಕೂಡ್ರಿ, ನಾ ನೋಡ್ಕೋತೀನಿ." ಪ್ರೀತಿಯಿಂದಲೇ. ಸೇನೆಯಲ್ಲಿ ಕಲಿತದ್ದೂ ಅದೇ. ಜೊತೆಗಾರ ಸೋತಾಗ ಅವನ ಪಿಟ್ಟು (ಬೆನ್ನಚೀಲ) ನೀನು ಹೊರು, ಮೇಲಿನವರಿಗೆ ಹೇಳಬೇಡ.

ಹೇಳದಿರಲು ಸೇವೆಯ ದಿನಗಳಲ್ಲಿ ಗಟ್ಟಿ ಕಾರಣವಿತ್ತು. ಸೈನಿಕನ ಆರೋಗ್ಯಕ್ಕೆ ಷೇಪ್ ಎಂಬ ವರ್ಗೀಕರಣವಿದೆ: ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಎಂದು ಐದು ಭಾಗ. ಎಲ್ಲದರಲ್ಲೂ ಒಂದನೇ ದರ್ಜೆ ಇದ್ದರೆ ಷೇಪ್-1. ಅದರಿಂದ ಕೆಳಗಿಳಿದರೆ ಬಡ್ತಿಗೂ ಪೋಸ್ಟಿಂಗಿಗೂ ಪೆಟ್ಟು. ಹಾಗಾಗಿ ಮಂಡಿ ನೋವು, ಬಿಪಿ, ಬೆನ್ನು ಎಲ್ಲವನ್ನೂ ಎಂಐ ರೂಮಿನ (ಪಲ್ಟನ್ನಿನ ದವಾಖಾನೆಯ) ಬಾಗಿಲ ಹೊರಗೇ ಬಿಟ್ಟು ಬರುವ ಅಭ್ಯಾಸ. ಕೆಟಗರಿ ಇಳಿಸುವವರು ಯಾರೂ ಇಲ್ಲದ ವಯಸ್ಸಿನಲ್ಲೂ ಆ ಅಭ್ಯಾಸ ಬಿಡುವುದಿಲ್ಲ. ಪಾಲಿಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ನಿವೃತ್ತರು ಡಾಕ್ಟರು ಕೇಳಿದ ಕೂಡಲೇ "ಠೀಕ್ ಹೈ ಸರ್" ಎನ್ನುತ್ತಾರೆ. ಮನೆಗೆ ಬಂದು ಹೆಂಡತಿಯ ಮುಂದೆ ಉಸ್ಸೆನ್ನುತ್ತಾರೆ.

ಸಂಗಾತಿಗಳ ಒಗ್ಗಟ್ಟು ಮಾಜಿ ಸೈನಿಕರ ಚಿಕಿತ್ಸೆಯಲ್ಲಿ ದೊಡ್ಡ ಶಕ್ತಿ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಇಲ್ಲಿ ಹತ್ತೊಂಬತ್ತು ದಿನ ಗಾಯವನ್ನು ಮುಚ್ಚಿದ್ದೂ ಅದೇ ಒಗ್ಗಟ್ಟು, ಮುಂದೆ ಜೀವ ಉಳಿಸಿದ್ದೂ ಅದೇ. ಎರಡನ್ನೂ ಮಾಡಿದವರು ಅದೇ ಜನ. ನಡುವೆ ಬದಲಾದದ್ದು ಒಂದೇ: ಯಾವುದನ್ನು ಮುಚ್ಚಬೇಕು, ಯಾವುದನ್ನು ಕೂಗಿ ಹೇಳಬೇಕು ಎಂಬ ತಿಳಿವಳಿಕೆ.

ಶುಕ್ರವಾರ ರಾತ್ರಿ

ಹತ್ತೊಂಬತ್ತನೇ ದಿನ. ಸಂಜೆ ಚಳಿ ಹಿಡಿದು ನಡುಕ. ರಾತ್ರಿ ಹನ್ನೊಂದಕ್ಕೆ ಮಗ ಬಾಗಿಲು ತೆಗೆದು ಒಳಬಂದಾಗ ಹವಾಲ್ದಾರರು ಮಂಚದ ಮೇಲೆ ಎದ್ದು ಕೂತು "ಥಮ್! ಕೌನ್ ಆತಾ ಹೈ?" (ನಿಲ್ಲು! ಯಾರು ಬರುತ್ತಿರುವುದು?) ಎಂದು ಪಹರೆಯವನಂತೆ ಕೂಗಿದರು. ಮಗನ ಗುರುತು ಸಿಗಲಿಲ್ಲ. ಜ್ವರದ ಜೊತೆ ಹೀಗೆ ತಬ್ಬಿಬ್ಬಾಗುವುದು, ಉಸಿರು ವೇಗವಾಗುವುದು, ಕೈಕಾಲು ತಣ್ಣಗಾಗುವುದು ಇವು ಸೋಂಕು ರಕ್ತಕ್ಕೆ ಇಳಿದಿರುವ ಗುರುತು. ಆಗ ಉಳಿದಿರುವುದು ತಾಸುಗಳ ಲೆಕ್ಕ, ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಮಗ ಕಾಲುಚೀಲ ಕಿತ್ತಾಗ ಹೆಬ್ಬೆರಳು, ಅದರ ಪಕ್ಕದ ಬೆರಳು ಕಪ್ಪು. ಪಾದದ ಮೇಲ್ಭಾಗ ಉಬ್ಬಿ ಹೊಳೆಯುತ್ತಿತ್ತು. ಒತ್ತಿದರೆ ಬೆರಳ ಕೆಳಗೆ ಒಣ ಎಲೆ ಹಿಸುಕಿದಂತೆ ಚರಚರ. ಮಾಂಸದೊಳಗೆ ಗಾಳಿ ಸೇರಿತ್ತು.

108 ಆಂಬ್ಯುಲೆನ್ಸ್ ಬಂತು, ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದರು. ಅದು ಇಸಿಎಚ್‌ಎಸ್ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿ ಯೋಜನೆಯ ಬಗ್ಗೆ ಎರಡು ಮಾತು. ಮಾಜಿ ಸೈನಿಕರ ಕೊಡುಗೆ ಆಧಾರಿತ ಆರೋಗ್ಯ ಯೋಜನೆ, ಇಸಿಎಚ್‌ಎಸ್, ಶುರುವಾದದ್ದು 2003ರ ಏಪ್ರಿಲ್ 1ರಂದು. ನಿವೃತ್ತಿಯಾಗುವಾಗ ಹುದ್ದೆಗೆ ತಕ್ಕಂತೆ ಒಂದೇ ಸಲ ಹಣ ಕಟ್ಟುವುದು, ಆಮೇಲೆ ಗಂಡ ಹೆಂಡತಿಗೆ ಜೀವನಪೂರ್ತಿ ಚಿಕಿತ್ಸೆ. ಮಾಮೂಲಿ ಕಾಯಿಲೆಗೆ ಮೊದಲು ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್ ಚೀಟಿ, ಆಮೇಲೆ ಸೇನಾ ಆಸ್ಪತ್ರೆ ಅಥವಾ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ. ಜೀವಕ್ಕೆ ಅಪಾಯವಿದ್ದಾಗ ಚೀಟಿ ಬೇಡ. ಪಟ್ಟಿಯಲ್ಲಿರುವ ಯಾವ ಆಸ್ಪತ್ರೆಗಾದರೂ ಕಾರ್ಡ್ ಹಿಡಿದು ನೇರ ಹೋಗಬಹುದು, ಮುಂಗಡ ಕೇಳುವ ಹಾಗಿಲ್ಲ, ಪಾಲಿಕ್ಲಿನಿಕ್ಕಿಗೆ ತಿಳಿಸುವ ಜವಾಬ್ದಾರಿ ಆಸ್ಪತ್ರೆಯದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋದರೆ ಕತೆ ಬೇರೆ. ಹಣ ಕೈಯಿಂದ ಕಟ್ಟಬೇಕು, 48 ತಾಸಿನೊಳಗೆ ಮನೆಯವರೇ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು, ಆಮೇಲೆ ಬಿಲ್ಲು ಹಾಕಿದರೆ ಸಿಜಿಎಚ್‌ಎಸ್ ದರದ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯ ದರ) ಮಟ್ಟಿಗೆ ವಾಪಸ್ ಬರುತ್ತದೆ.

ಮಗನಿಗೆ ಇದೊಂದೂ ಗೊತ್ತಿರಲಿಲ್ಲ. ಕಾರ್ಡು ಅಪ್ಪನ ಟ್ರಂಕಿನಲ್ಲಿ, ಕೀಲಿ ಅಪ್ಪನ ಜನಿವಾರದಂತೆ ಕೊರಳ ದಾರದಲ್ಲಿ. ಕೌಂಟರಿನಲ್ಲಿ ಮುಂಗಡ ಕೇಳಿದರು, ಕಟ್ಟಿದ. ಗಾಬರಿಯಲ್ಲಿ ಅಪ್ಪನಿಗೆ ಒಂಟಿ ಕೋಣೆಯನ್ನೂ ಹಿಡಿದ. ಹವಾಲ್ದಾರ್ ಹುದ್ದೆಯವರೆಗಿನವರಿಗೆ ಯೋಜನೆಯಲ್ಲಿ ಸಿಗುವುದು ಜನರಲ್ ವಾರ್ಡಿನ ದರ, ಸುಬೇದಾರ್ ಮಟ್ಟದ ಜೆಸಿಒಗಳಿಗೆ ಸೆಮಿ ಪ್ರೈವೇಟ್, ಅಧಿಕಾರಿಗಳಿಗೆ ಪ್ರೈವೇಟ್. ಮೇಲಿನ ವ್ಯತ್ಯಾಸ ಮನೆಯವರ ತಲೆಗೇ. ಅದೇ ರಸ್ತೆಯಲ್ಲಿ ಇನ್ನೂ ಕಾಲು ತಾಸು ಹೋಗಿದ್ದರೆ ಪಟ್ಟಿಯ ಆಸ್ಪತ್ರೆ ಇತ್ತು.

ಮನೆಯವರನ್ನು ದೂರುವುದು ಸರಿಯಲ್ಲ. ಆ ಹೊತ್ತಿನಲ್ಲಿ ಯಾರೂ ಜಾಲತಾಣ ತೆರೆದು ಪಟ್ಟಿ ಓದುವುದಿಲ್ಲ. ಅದು ಮೊದಲೇ ಆಗಿರಬೇಕಾದ ಕೆಲಸ. ಹತ್ತಿರದ ಎರಡು ಪಟ್ಟಿಯ ಆಸ್ಪತ್ರೆಗಳ ಹೆಸರು, ಅಲ್ಲಿ ರಾತ್ರಿ ಶಸ್ತ್ರಚಿಕಿತ್ಸೆ ಉಂಟೋ ಇಲ್ಲವೋ, ಪಾಲಿಕ್ಲಿನಿಕ್ಕಿನ ಫೋನು ಮತ್ತು ಇಮೇಲ್, ಕಾರ್ಡಿನ ಎರಡೂ ಬದಿಯ ಜೆರಾಕ್ಸ್, ರಕ್ತದ ಗುಂಪು, ಈಗ ನುಂಗುತ್ತಿರುವ ಗುಳಿಗೆಗಳ ಚೀಟಿ. ಇಷ್ಟನ್ನು ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ ಅಡುಗೆಮನೆಯ ಮೊಳೆಗೆ ನೇತುಹಾಕಬೇಕು. ಟ್ರಂಕಿನಲ್ಲಲ್ಲ. ಪಟ್ಟಿ ಬದಲಾಗುತ್ತಿರುತ್ತದೆ, ಆರು ತಿಂಗಳಿಗೊಮ್ಮೆ ನೋಡಿ ತಿದ್ದಬೇಕು.

48 ತಾಸು

ರಾತ್ರಿ ಒಂದೂವರೆಗೆ ಮಗ ಗೇಟಿನ ಆ ನಿವೃತ್ತ ನಾಯಕರಿಗೆ ಫೋನು ಮಾಡಿದ. ನಾಯಕರು ನಿವೃತ್ತ ಸುಬೇದಾರ್ ಸಾಹೇಬರನ್ನು ಎಬ್ಬಿಸಿದರು. ಆ ಭಾಗದ ಮಾಜಿ ಸೈನಿಕರಿಗೆಲ್ಲ ಕಾಗದಪತ್ರ ಮಾಡಿಕೊಡುವವರು ಅವರೇ. ಅಲ್ಲಿಂದ ಮುಂದೆ ಕೆಲಸ ಹಂಚಿಹೋಯಿತು.

ಸಾಹೇಬರು ಮೊದಲು ಮಾಡಿಸಿದ್ದು ಎಮರ್ಜೆನ್ಸಿ ಸರ್ಟಿಫಿಕೇಟ್. ದಾಖಲಾದ ಸಮಯ, ಬಂದಾಗಿನ ಬಿಪಿ, ನಾಡಿ, ಸಕ್ಕರೆ, ತಕ್ಷಣ ಚಿಕಿತ್ಸೆ ಕೊಡದಿದ್ದರೆ ಜೀವಕ್ಕೆ ಅಪಾಯವಿತ್ತು ಎಂಬ ವಾಕ್ಯ, ಡಾಕ್ಟರ ಸಹಿ, ನೋಂದಣಿ ಸಂಖ್ಯೆ, ಮೊಹರು. ಇದನ್ನು ಡಿಸ್ಚಾರ್ಜ್ ದಿನ ಕೇಳಿದರೆ ಡಾಕ್ಟರು ಸಿಗುವುದಿಲ್ಲ, ಸಿಕ್ಕರೂ ಎರಡು ಸಾಲು ಗೀಚುತ್ತಾರೆ. ಬಿಲ್ಲು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ತುರ್ತು ಎಂಬುದು ಕಾಗದದ ಮೇಲೆ ಸಾಬೀತಾಗದೆ.

ಎರಡನೆಯದು ಮಾಹಿತಿ. ಮರುದಿನ ಶನಿವಾರ, ಅದರಾಚೆ ಭಾನುವಾರ ಪಾಲಿಕ್ಲಿನಿಕ್ ಮುಚ್ಚಿರುತ್ತದೆ. ಸೋಮವಾರ ಹೋದರಾಯಿತು ಎಂದಿದ್ದರೆ 48 ತಾಸು ದಾಟುತ್ತಿತ್ತು. ಸಾಹೇಬರು ಶನಿವಾರ ಬೆಳಿಗ್ಗೆಯೇ ಇಮೇಲ್ ಹಾಕಿದರು. ಕಾರ್ಡಿನ ನಂಬರು, ಆಸ್ಪತ್ರೆಯ ಹೆಸರು, ದಾಖಲಾದ ದಿನ ಮತ್ತು ಗಂಟೆ, ಕಾಯಿಲೆ, ಸಂಪರ್ಕದ ಫೋನು, ಜೊತೆಗೆ ಸರ್ಟಿಫಿಕೇಟಿನ ಫೋಟೋ. ಆಮೇಲೆ ಖುದ್ದಾಗಿ ಹೋಗಿ ಅದರ ಒಂದು ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆದರು. ಫೋನಿನಲ್ಲಿ ಹೇಳಿದ್ದೇವೆ ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಅದೇ ರಾತ್ರಿ ರೋಗಾಣು ಯಾವುದೆಂದು ತಿಳಿಯಲು ರಕ್ತದ ಕಲ್ಚರ್ ತೆಗೆದು, ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಹತ್ತಿಸಿ, ಬೆಳಗಿನ ಜಾವ ಹಿಮ್ಮಡಿಯ ಮೇಲ್ಗಡೆ ಪಾದ ಕತ್ತರಿಸಿದರು. ಗಾಯ ಹೊಲಿಯಲಿಲ್ಲ, ತೆರೆದೇ ಬಿಟ್ಟರು. ನೋಡಿದವರಿಗೆ ಇದು ಕ್ರೂರವಾಗಿ ಕಾಣುತ್ತದೆ. ಆದರೆ ಕ್ರಮ ಇದೇ: ಮೊದಲು ಕೊಳೆತ ಭಾಗ ತೆಗೆದು ಸೋಂಕಿನ ಮೂಲ ಕಡಿಯುವುದು, ರೋಗಿ ಚೇತರಿಸಿಕೊಂಡ ಮೇಲೆ ಕೃತಕ ಕಾಲಿಗೆ ಹೊಂದುವಂತೆ ಮೊಣಕಾಲ ಕೆಳಗೆ ಎರಡನೇ ಶಸ್ತ್ರಚಿಕಿತ್ಸೆ. ಕೀವಿರುವಾಗಲೇ ಒಂದೇ ಸಲಕ್ಕೆ ಹೊಲಿದರೆ ಒಳಗೆ ಮತ್ತೆ ಕೀವು ಕಟ್ಟಿ ಮೊಣಕಾಲೇ ಹೋಗಬಹುದು.

ಎರಡು ಬಾಟಲಿ ರಕ್ತ ಬೇಕೆಂದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಬಿದ್ದ ಒಂದು ತಾಸಿನಲ್ಲಿ ಹನ್ನೊಂದು ಜನ ಮೆಟ್ಟಿಲ ಮೇಲೆ ನಿಂತಿದ್ದರು, ದೇಹೂರೋಡಿನಿಂದ ಸ್ಕೂಟರಿನಲ್ಲಿ ಬಂದವರೂ ಇದ್ದರು. ಅವರಲ್ಲಿ ಕೊಡಲು ಯೋಗ್ಯರಾದವರು ಇಬ್ಬರೇ. ರಕ್ತದಾನಕ್ಕೆ 65 ವರ್ಷ ಮೀರಿರಬಾರದು, ಹಿಮೊಗ್ಲೋಬಿನ್ 12.5 ಇರಬೇಕು, ಇನ್ಸುಲಿನ್ ಚುಚ್ಚಿಕೊಳ್ಳುವವರು ಕೊಡುವ ಹಾಗಿಲ್ಲ. ಹನ್ನೊಂದು ಜನರ ವಯಸ್ಸು, ಸಕ್ಕರೆ, ಬಿಪಿ ಎಲ್ಲ ಅಲ್ಲೇ ಬಯಲಾಯಿತು. ಮಾಜಿ ಸೈನಿಕರ ಗುಂಪಿನಲ್ಲಿ ರಕ್ತದಾನಿಗಳ ಪಟ್ಟಿ ಮಾಡುವುದಿದ್ದರೆ ಅವರ ಮಕ್ಕಳು, ಸೊಸೆಯಂದಿರ ಹೆಸರು ಬರೆಯಬೇಕು.

ರಾತ್ರಿ ಪಹರೆ

ನಾಲ್ಕನೇ ದಿನ ಬಿಪಿ ಸ್ಥಿರವಾಯಿತು. ಹಾಸಿಗೆ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು ಸೇನಾ ಆಸ್ಪತ್ರೆಗೆ ಸಾಗಿಸಿದರು. ಈ ವರ್ಗಾವಣೆಯಲ್ಲಿ ಒಂದು ತಪ್ಪಾಯಿತು. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ವರದಿ ಬಂದಿತ್ತು, ಆದರೆ ಲ್ಯಾಬಿನಲ್ಲೇ ಉಳಿದಿತ್ತು. ಹೊಸ ಆಸ್ಪತ್ರೆಯ ಡಾಕ್ಟರು ಯಾವ ರೋಗಾಣು, ಅದಕ್ಕೆ ಯಾವ ಮದ್ದು ನಾಟುತ್ತದೆ ಎಂದು ತಿಳಿಯದೆ ಅಂದಾಜಿನ ಮೇಲೆ ಎರಡು ದಿನ ಮದ್ದು ಕೊಟ್ಟರು. ನಾಯಕರು ಬಸ್ಸಿನಲ್ಲಿ ಹೋಗಿ ವರದಿ ತಂದ ಮೇಲೆ ಮದ್ದು ಬದಲಾಯಿತು. ರೋಗಿಯನ್ನು ಸಾಗಿಸುವಾಗ ಸಮ್ಮರಿ ಮತ್ತು ಎಕ್ಸ್‌ರೇ ಕೇಳಿ ಪಡೆಯುವುದು ಎಲ್ಲರಿಗೂ ಗೊತ್ತು. "ಇನ್ನೂ ಬರಬೇಕಾದ ವರದಿ ಯಾವುವು?" ಎಂದು ಕೇಳುವವರು ಕಡಿಮೆ.

ಸಾಹೇಬರು ಪಹರೆಯ ರೋಸ್ಟರ್ ಬರೆದರು. ಹೆಂಡತಿ ಹಗಲು, ಮಗ ಸಂಜೆ, ರಾತ್ರಿ ಹತ್ತರಿಂದ ಆರರವರೆಗೆ ನಾಲ್ಕು ನಾಲ್ಕು ತಾಸಿನಂತೆ ಇಬ್ಬರು ಸಂಗಾತಿಗಳು. "ವೈನಿ, ನೀವ್ ರಾತ್ರಿ ಮನೀಗ್ ಹೋಗಿ ಮಲಕೋರಿ. ಇದು ನಮ್ಮ ಡ್ಯೂಟಿ" ಎಂದರು. ಪ್ರತಿ ಪಾಳಿಯವರು ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು: ಎಷ್ಟು ಹೊತ್ತಿಗೆ ಮಗ್ಗಲು ಬದಲಿಸಿದರು, ಎಷ್ಟು ಲೋಟ ನೀರು, ಪಟ್ಟಿಯಲ್ಲಿ ರಕ್ತ ಹಸಿಯಾಗಿ ಕಂಡಿತೇ, ರೋಗಿ ಮಾತಿನಲ್ಲಿ ಹೇಗಿದ್ದಾನೆ. ಹಸ್ತಾಂತರವಾಗದೆ ಯಾರೂ ಏಳುವ ಹಾಗಿಲ್ಲ.

ಆ ನೋಟುಬುಕ್ಕು ಆರನೇ ರಾತ್ರಿ ಕೆಲಸಕ್ಕೆ ಬಂತು. ಮೂರು ಗಂಟೆ ಹತ್ತು ನಿಮಿಷ. ಕೂತಿದ್ದವರು ನಾಯಕರು. ಹವಾಲ್ದಾರರ ಹಣೆಯ ಮೇಲೆ ಬೆವರು, ಅಂಗಿಯ ಕೊರಳು ಪೂರ್ತಿ ಒದ್ದೆ, ಕೇಳಿದ್ದಕ್ಕೆ ತೊದಲು ಉತ್ತರ. ಮಲಗಿದವರನ್ನು ಯಾಕೆ ಎಬ್ಬಿಸುವುದು ಎಂದು ಬಿಡಬಹುದಿತ್ತು. ಎರಡು ತಾಸಿನ ಹಿಂದಿನ ಸಾಲಿನಲ್ಲಿ "ಮಾತು ಚೊಕ್ಕ, ಮೈ ಒಣ" ಎಂದು ಬರೆದಿತ್ತು. ನಾಯಕರು ಸಿಸ್ಟರನ್ನು ಕರೆದರು. ಸಕ್ಕರೆ 48. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟ ಕೆಲವೇ ನಿಮಿಷದಲ್ಲಿ ಕಣ್ಣು ತಿಳಿಯಾಯಿತು.

ಕಾರಣ ಸರಳ, ಆದರೆ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಸೋಂಕು ಇರುವಾಗ ದೇಹ ಇನ್ಸುಲಿನ್ನಿಗೆ ಮಣಿಯುವುದಿಲ್ಲ, ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಕೊಳೆತ ಭಾಗ ತೆಗೆದು ಸೋಂಕು ತಗ್ಗುತ್ತಿದ್ದಂತೆ ಅದೇ ಪ್ರಮಾಣ ಅತಿಯಾಗುತ್ತದೆ. ಊಟವೂ ಕಡಿಮೆ. ಹಾಗಾಗಿ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ರಾತ್ರಿ ಎರಡು ಮೂರರ ಹೊತ್ತಿಗೆ ಸಕ್ಕರೆ ನೋಡಿಸಬೇಕು. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಸಕ್ಕರೆ ನೀರು ಸುರಿಯಬಾರದು, ಶ್ವಾಸಕ್ಕೆ ಇಳಿಯುತ್ತದೆ.

ಪ್ರೀತಿಯಿಂದ ಆದ ತಪ್ಪುಗಳೂ ಅದೇ ನೋಟುಬುಕ್ಕಿನಲ್ಲಿವೆ. ಬೆಳಗಾವಿಯಿಂದ ಬಂದ ಗೆಳೆಯರೊಬ್ಬರು ಕುಂದಾ ತಂದರು. ಆ ದಿನದ ಸಕ್ಕರೆ 340. ಅದಕ್ಕಿಂತ ಹಾನಿ ಮಾಡಿದ್ದು ತಲೆದಿಂಬು. ಎರಡನೇ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿತ್ತು. ಮೊಣಕಾಲ ಕೀಲಿನ ಕೆಳಗೆ ಸುಮಾರು 15 ಸೆಂಟಿಮೀಟರ್ ಮೂಳೆ ಉಳಿಸಿ, ಹಿಂಗಾಲಿನ ಮಾಂಸಖಂಡವನ್ನು ಮುಂದಕ್ಕೆ ಮಡಚಿ ಮೂಳೆಯ ತುದಿಗೆ ಹೊದಿಸಿ ಹೊಲಿದಿದ್ದರು. ನೋವು ಎಂದು ನರಳಿದಾಗಲೆಲ್ಲ ಪಹರೆಯವರು ಮಂಡಿಯ ಕೆಳಗೆ ದಿಂಬು ಇಟ್ಟರು. ರೋಗಿಗೆ ಹಿತ. ಆದರೆ ಮಂಡಿ ಮಡಚಿದ ಸ್ಥಿತಿಯಲ್ಲೇ ಗಟ್ಟಿಯಾಗತೊಡಗಿತು. ಪೂರ್ತಿ ಚಾಚದ ಮಂಡಿಗೆ ಕೃತಕ ಕಾಲು ಕೂರಿಸುವುದು ಬಲು ಕಷ್ಟ. ಎಂಟು ದಿನದ ಮೇಲೆ ಫಿಸಿಯೊಥೆರಪಿಯವರು ನೋಡಿದಾಗ ಮಂಡಿ ಪೂರ್ತಿ ನೇರವಾಗಲು 20 ಡಿಗ್ರಿ ಬಾಕಿಯಿತ್ತು. ಅದನ್ನು ನೇರ ಮಾಡಲು ಐದು ವಾರ ಹಿಡಿಯಿತು. ದಿನಕ್ಕೆ ಮೂರು ಸಲ ಅರ್ಧ ತಾಸು ಬೋರಲು ಮಲಗುವುದು, ಕುರ್ಚಿಯಲ್ಲಿ ಕೂತಾಗ ತುಂಡುಕಾಲಿನ ಕೆಳಗೆ ಹಲಗೆ ಇಟ್ಟು ನೇರ ಚಾಚಿಡುವುದು. ರೋಸ್ಟರಿನ ತಲೆಯ ಮೇಲೆ ಸಾಹೇಬರು ಕೆಂಪಿನಲ್ಲಿ ಬರೆದರು: ಮಂಡಿ ಕೆಳಗೆ ದಿಂಬು ಇಡಬಾರದು.

ಇಲ್ಲದ ಬೆರಳು

ಇಲ್ಲದ ಹೆಬ್ಬೆರಳು ತುರಿಸುತ್ತದೆ ಎಂದು ಹವಾಲ್ದಾರರು ಯಾರಿಗೂ ಹೇಳಲಿಲ್ಲ. ತಲೆ ಕೆಟ್ಟಿದೆ ಎಂದುಕೊಂಡಾರು ಎಂಬ ಭಯ. ಎರಡು ವಾರ ಯಾರನ್ನೂ ಸರಿಯಾಗಿ ಮಾತಾಡಿಸಲಿಲ್ಲ. ಗಾಯ ಮುಚ್ಚಿಟ್ಟ ಅದೇ ಚಾಳಿ ಇಲ್ಲೂ.

ಇದನ್ನು ಬಿಡಿಸಿದವರು ಡಾಕ್ಟರಲ್ಲ. ನೆಲಬಾಂಬಿಗೆ ಕಾಲು ಕೊಟ್ಟ ಇನ್ನೊಬ್ಬ ನಿವೃತ್ತ ಸಿಪಾಯಿಯನ್ನು ಸಾಹೇಬರು ಕರೆತಂದರು. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಮಂಚದ ಮೇಲೆ ಕೂತು, ಪ್ಯಾಂಟು ಏರಿಸಿ, ಕೃತಕ ಕಾಲು ಬಿಚ್ಚಿ ಪಕ್ಕಕ್ಕಿಟ್ಟು, "ಉಸ್ತಾದ್ರ, ನಿಮಗ ಯಾವ ಬೆರಳು ತುರಸ್ತದ? ನಂದು ಕಿರಿಬೆರಳು, ಅಮಾಸಿ ಹುಣ್ಣಿವಿಗೆ ಜಾಸ್ತಿ" ಎಂದರು. ಹವಾಲ್ದಾರರು ಎದ್ದು ಕೂತರು.

ಕತ್ತರಿಸಿದ ಅಂಗದಲ್ಲಿ ಹೀಗೆ ತುರಿಕೆ, ನೋವು ಅನಿಸುವುದಕ್ಕೆ ಗುಳಿಗೆಯಿದೆ, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮುಂತಾದವು. ಕನ್ನಡಿ ಚಿಕಿತ್ಸೆಯೂ ಇದೆ. ಎರಡು ಕಾಲಿನ ನಡುವೆ ಉದ್ದ ಕನ್ನಡಿ ನಿಲ್ಲಿಸಿ, ಇರುವ ಕಾಲಿನ ಬಿಂಬ ಇಲ್ಲದ ಕಾಲಿನ ಜಾಗದಲ್ಲಿ ಕಾಣುವಂತೆ ಮಾಡಿ, ನಿಧಾನಕ್ಕೆ ಬೆರಳಾಡಿಸುವುದು. ಎಲ್ಲರಿಗೂ ನಾಟುವುದಿಲ್ಲ, ಕೆಲವರಿಗೆ ಬಹಳ ನಾಟುತ್ತದೆ. ಆದರೆ ರೋಗಿ ಬಾಯಿ ಬಿಟ್ಟರೆ ತಾನೇ ಇದೆಲ್ಲ ಶುರುವಾಗುವುದು.

ಆ ಸಿಪಾಯಿ ಇನ್ನೂ ಒಂದು ಕಲಿಸಿಕೊಟ್ಟರು: ತುಂಡುಕಾಲಿಗೆ ಪಟ್ಟಿ ಸುತ್ತುವುದು. ಬೇಕಾದದ್ದು ಕ್ರೇಪ್ ಬ್ಯಾಂಡೇಜ್. ಉಂಗುರದಂತೆ ಸುತ್ತಿದರೆ ರಕ್ತ ನಿಂತು ತುದಿ ಬಾತುಕೊಳ್ಳುತ್ತದೆ. ಎಂಟರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು, ತುದಿಯಲ್ಲಿ ಬಿಗಿ ಹೆಚ್ಚು, ಮೇಲೆ ಹೋದಂತೆ ಸಡಿಲ. ದಿನಕ್ಕೆ ಹಲವು ಸಲ ಬಿಚ್ಚಿ ಮತ್ತೆ ಸುತ್ತಬೇಕು. ತುದಿ ಶಂಕುವಿನಂತೆ ಇಳಿದರೇನೇ ಸಾಕೆಟ್ಟು, ಅಂದರೆ ಕೃತಕ ಕಾಲಿನ ಗೂಡು, ಸರಿಯಾಗಿ ಕೂರುವುದು.

ವಾನವಡಿಯ ಕಾಲು

ಪುಣೆಯ ವಾನವಡಿಯಲ್ಲಿರುವ ಸೇನೆಯ ಕೃತಕ ಅವಯವ ಕೇಂದ್ರ 1944ರದು, ಎರಡನೇ ಮಹಾಯುದ್ಧದ ಗಾಯಾಳುಗಳ ಕಾಲದ್ದು. ಊರಿಗೆ ಇಂಥ ಹಿನ್ನೆಲೆ ದೊಡ್ಡದಿದೆ. ಈಗ ಖಡಕಿಯಲ್ಲಿರುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ 1917ರಿಂದ ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುತ್ತಾ ಬಂದಿದೆ. ಖಡಕಿಯಲ್ಲೇ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರಲ್ಲಿ ಹೈಡಲ್‌ಬರ್ಗಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ಈಜಿ ತಂದ ಮುರಳಿಕಾಂತ ಪೇಟ್ಕರ್ ಅವರೂ ಪುಣೆಯವರೇ ಆದರು.

ಹವಾಲ್ದಾರರಿಗೆ ಸಿಕ್ಕಿದ್ದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಭಾರ ಹೊರುವ ಸಾಕೆಟ್ಟಿನ ಕಾಲು. ತುಂಡುಕಾಲಿನ ತುದಿ ತಳಕ್ಕೆ ಊರಬಾರದು, ಹೊರಮಗ್ಗುಲಿನ ಎದ್ದ ಮೂಳೆಗೂ ಮುಂಗಾಲಿನ ಮೂಳೆಯ ಚೂಪು ಅಂಚಿಗೂ ಒತ್ತಬಾರದು. ಮೊದಲ ದಿನಗಳಲ್ಲಿ ಕಾಲು ತೊಡುವುದು ಒಮ್ಮೆಗೆ 15ರಿಂದ 20 ನಿಮಿಷ, ಆಮೇಲೆ ಬಿಚ್ಚಿ ಚರ್ಮ ನೋಡುವುದು. ಕೆಂಪು ಕಲೆ ಸುಮಾರು 20 ನಿಮಿಷದಲ್ಲಿ ಮಾಯವಾಗದಿದ್ದರೆ ಆ ದಿನಕ್ಕೆ ಸಾಕು. ಇವರಿಗೆ ಇರುವ ಚರ್ಮದಲ್ಲೂ ಸ್ಪರ್ಶ ಕಡಿಮೆ, ಹಾಗಾಗಿ ಕಣ್ಣೇ ನೋವಿನ ಕೆಲಸ ಮಾಡಬೇಕು.

ಹೆಚ್ಚಿನವರು ಎಡವುವುದು ಸಾಕೆಟ್ಟಿನೊಳಗೆ ತುಂಡುಕಾಲಿಗೆ ತೊಡುವ ಕಾಲುಚೀಲದ ಲೆಕ್ಕದಲ್ಲಿ. ಮೊದಲ ಆರು ತಿಂಗಳಿಂದ ವರ್ಷದವರೆಗೆ ತುಂಡುಕಾಲು ಕುಗ್ಗುತ್ತಲೇ ಇರುತ್ತದೆ. ಬೆಳಿಗ್ಗೆ ಒಂದು ಅಳತೆ, ಸಂಜೆ ಇನ್ನೊಂದು. ಕಾಲು ಸಾಕೆಟ್ಟಿನೊಳಗೆ ಆಳಕ್ಕೆ ಇಳಿದು ಮಂಡಿಚಿಪ್ಪಿನ ಅಂಚು ಕೆಂಪಾದರೆ ಚೀಲದ ಪದರ ಹೆಚ್ಚಿಸಬೇಕು. ಒಳಗೆ ಪೂರ್ತಿ ಇಳಿಯದೆ ಮೇಲೇ ನಿಂತರೆ ಒಂದು ಪದರ ತೆಗೆಯಬೇಕು. ಪದರದ ಮೇಲೆ ಪದರ ಏರಿಸುತ್ತಲೇ ಹೋಗಬೇಕಾಗಿ ಬಂದರೆ ಸಾಕೆಟ್ಟು ಬದಲಿಸುವ ಹೊತ್ತು ಬಂತೆಂದು ತಿಳಿದು ಕೇಂದ್ರಕ್ಕೆ ಹೋಗಬೇಕು. ಹವಾಲ್ದಾರರು ಕಾರ್ಖಾನೆಯ ಗೇಟ್ ರಿಜಿಸ್ಟರಿನಂತೆ ಇದಕ್ಕೂ ಪುಸ್ತಕ ಇಟ್ಟಿದ್ದಾರೆ: ದಿನಾಂಕ, ಬೆಳಿಗ್ಗೆ ಎಷ್ಟು ಪದರ, ಸಂಜೆ ಎಷ್ಟು, ಕೆಂಪು ಎಲ್ಲಿ.

ಕಾಗದ

ಬಿಲ್ಲಿನ ಕೆಲಸ ಡಿಸ್ಚಾರ್ಜ್ ಆದ ವಾರವೇ ಶುರುವಾಯಿತು. ಮೂಲ ಬಿಲ್ಲು ಪ್ರತಿ ವಸ್ತು ಬಿಡಿಸಿ ಬರೆದಿರಬೇಕು, "ಔಷಧ: ಇಷ್ಟು" ಎಂಬ ಒಂದೇ ಸಾಲಿಗೆ ಹಣ ಬರುವುದಿಲ್ಲ. ರಸೀದಿ, ಡಿಸ್ಚಾರ್ಜ್ ಸಮ್ಮರಿ, ತನಿಖಾ ವರದಿಗಳು, ಎಮರ್ಜೆನ್ಸಿ ಸರ್ಟಿಫಿಕೇಟ್, 48 ತಾಸಿನ ಮಾಹಿತಿಯ ಸ್ವೀಕೃತಿ, ಕಾರ್ಡಿನ ಪ್ರತಿ, ರದ್ದು ಮಾಡಿದ ಚೆಕ್. ಎಲ್ಲದರ ಒಂದು ಪೂರ್ತಿ ಜೆರಾಕ್ಸ್ ಸೆಟ್ಟು ಮನೆಯಲ್ಲಿ. ಕಾರ್ಡಿನಲ್ಲಿರುವ ಹೆಸರಿಗೂ ಆಸ್ಪತ್ರೆ ಬರೆದ ಹೆಸರಿಗೂ ಒಂದಕ್ಷರ ವ್ಯತ್ಯಾಸವಿತ್ತು. ಕನ್ನಡದ ಹೆಸರನ್ನು ಅಲ್ಲಿ ಮರಾಠಿ ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದರು. ಅದನ್ನು ತಿದ್ದಿಸಲು ಎರಡು ಓಡಾಟ. ದಾಖಲಾಗುವಾಗ ಬಾಯಲ್ಲಿ ಹೆಸರು ಹೇಳದೆ ಕಾರ್ಡು ತೋರಿಸಿದ್ದರೆ ಇದು ತಪ್ಪುತ್ತಿತ್ತು. ಕೊನೆಗೆ ಹಣ ಬಂತು, ಸಿಜಿಎಚ್‌ಎಸ್ ದರಕ್ಕೆ, ಜನರಲ್ ವಾರ್ಡಿನ ಲೆಕ್ಕಕ್ಕೆ. ಉಳಿದದ್ದನ್ನು ಮಗ ಸಾಲವಾಗಿ ತೀರಿಸುತ್ತಿದ್ದಾನೆ.

ಇದೆಲ್ಲದರ ನಡುವೆ ಪಿಂಚಣಿಯ ಜೀವನ ಪ್ರಮಾಣ ಪತ್ರದ ತಿಂಗಳು ಬಂದಿತ್ತು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಸಾಹೇಬರು ಮೊಬೈಲಿನಲ್ಲಿ ಜೀವನ್ ಪ್ರಮಾಣ್ ಆ್ಯಪ್ ಹಾಕಿಕೊಂಡು ಬಂದು ಹಾಸಿಗೆಯ ಮೇಲೇ ಮುಖದ ಗುರುತು ತೆಗೆಸಿ ಕಳಿಸಿದರು. ಯೂನಿಫಾರ್ಮಿನ ಫೋಟೋ ತೆಗೆಸಿಕೊಳ್ಳುವವರಂತೆ ಹವಾಲ್ದಾರರು ಮೊದಲು ಮೀಸೆ ತಿದ್ದಿಸಿಕೊಂಡರು.

ಎಡಗಾಲು

ಒಂದು ಕಾಲು ಹೋದ ಸಕ್ಕರೆ ರೋಗಿಯ ಇನ್ನೊಂದು ಕಾಲಿಗೆ ಅಪಾಯ ಹೆಚ್ಚು. ಭಾರವೆಲ್ಲ ಅದರ ಮೇಲೆಯೇ. ರಾತ್ರಿ ಮಲಗುವ ಮುಂಚೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡುವುದು, ಚಪ್ಪಲಿ ಬೂಟು ಹಾಕುವ ಮುನ್ನ ಒಳಗೆ ಕೈ ಆಡಿಸುವುದು, ಬೆರಳ ಸಂದಿ ಒರೆಸುವುದು, ಗುಡಿಯ ಅಂಗಳದಲ್ಲೂ ಬರಿಗಾಲು ಇಡದಿರುವುದು. ಕೊನೆಯದು ಅವರಿಗೆ ಕಷ್ಟವಾಯಿತು. ಆಳಂದಿಯ ಗುಡಿಗೆ ಕಾಲುಚೀಲ ಹಾಕಿಕೊಂಡು ಹೋಗಬಹುದು ಎಂದು ಒಪ್ಪಿಸಿದವರು ಹೆಂಡತಿ.

ನಾಯಕರು ಆಮೇಲೆ ಒಂದು ಕೆಲಸ ಶುರುಮಾಡಿದ್ದಾರೆ. ರಿಜಿಸ್ಟರಿನಲ್ಲಿ ಬೇರೆಯವರ ಗಸ್ತನ್ನು ತಾವು ಬರೆದ ದಿನಗಳನ್ನು ಅವರು ಮರೆತಿಲ್ಲ. ತಿಂಗಳ ಮೊದಲ ಭಾನುವಾರ ದಿಘಿಯಲ್ಲಿ ಮಾಜಿ ಸೈನಿಕರು ಸೇರಿದಾಗ ಚಹಾಕ್ಕೆ ಮುಂಚೆ ಎಲ್ಲರೂ ಬೂಟು ಕಾಲುಚೀಲ ಬಿಚ್ಚಬೇಕು. ಇಬ್ಬಿಬ್ಬರ ಜೋಡಿ, ಒಬ್ಬರ ಪಾದ ಇನ್ನೊಬ್ಬರು ನೋಡುವುದು. ಹೆಸರಿಗೆ ನೈಲಾನ್ ಎಳೆಯೂ ಒಂದು ತಂದಿಟ್ಟಿದ್ದಾರೆ. ಕಳೆದ ಸಲ ಹವಾಲ್ದಾರರ ಎಡಗಾಲಿನಲ್ಲಿ ಮುಟ್ಟಿದ ಹತ್ತು ಕಡೆಗಳಲ್ಲಿ ಆರು ತಿಳಿದವು. ಅವರ ಎದುರು ಕೂತಿದ್ದ ಇನ್ನೊಬ್ಬರಿಗೆ, ತಮಗೆ ಸಕ್ಕರೆ ಬಿಲ್ಕುಲ್ ಇಲ್ಲ ಎಂದು ಹೇಳುತ್ತಿದ್ದವರಿಗೆ, ಮೂರೇ ತಿಳಿದವು. ಮರುದಿನ ಬೆಳಿಗ್ಗೆ ಅವರನ್ನು ಪಾಲಿಕ್ಲಿನಿಕ್ಕಿಗೆ ಕರೆದೊಯ್ದವರು ಹವಾಲ್ದಾರರೇ. ರಿಕ್ಷಾದಿಂದ ಇಳಿದು, ಕೋಲೂರಿ, ಸಾಲಿನಲ್ಲಿ ಜೊತೆಗೆ ನಿಂತು, ಒಳಗೆ ಹೋದಾಗ ಅವರು "ಠೀಕ್ ಹೈ ಸರ್" ಎನ್ನುವ ಮೊದಲೇ, "ಸರ್, ಇವರ ಬೂಟು ಬಿಚ್ಚಿಸಿ ನೋಡಿ" ಎಂದರು.